ಕೊನೆಯ ನುಡಿಯ ಬೆರಳಚ್ಚು

ನಾನು ಧ್ವನಿಮುದ್ರಿಸಿದಾಗ ಆ ಗೀಗೀ ಪದ ಏಳು ನಿಮಿಷ ನಲವತ್ತು ಸೆಕೆಂಡು ಇತ್ತು. ಅವ್ವಾರು ಹಿಡಿದು ತೋರಿಸಿದ ಮೊಬೈಲಿನಲ್ಲಿ ಆರು ನಿಮಿಷಕ್ಕೇ ಮುಗಿಯಿತು. ಮುಗಿಯಿತು ಎನ್ನುವುದೂ ತಪ್ಪೇ. ಹಿಮ್ಮೇಳದವರು ಇನ್ನೂ ‘ಗೀಯ’ ಎಂದು ದನಿ ಎಳೆಯುತ್ತಿರುವಾಗಲೇ ಯಾರೋ ಕತ್ತರಿ ಹಾಕಿದ್ದರು.

“ಕೇಳಿದ್ಯೇನ ತಂಗಿ?” ಎಂದರು ಅವ್ವಾರು. “ಪದಕ್ಕ ತಲಿ ಐತಿ, ಮೈ ಐತಿ. ಕಾಲಿಲ್ಲ.”

ಅವ್ವಾರು ಎಂದರೆ ಮೇಲವಂಕಿಯ ಗೀಗೀ ಮೇಳದ ಮುಂದಾಳು. ಎಪ್ಪತ್ತರ ಆಜೂಬಾಜೂ ವಯಸ್ಸು. ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆಯುವ ಕೈಗಳಿಂದಲೇ ದಪ್ಪು ಎಂಬ ಚರ್ಮವಾದ್ಯ ಬಡಿದು, ಕರೆದವರ ಊರಿಗೆ ಹೋಗಿ ಹಾಡುತ್ತ ಬಂದವರು. ಅವರ ಇಪ್ಪತ್ತೆರಡು ಪದಗಳನ್ನು ನಾನು ಗೋಕಾಕದ ನನ್ನ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿದ್ದೆ. ಸ್ಟುಡಿಯೋ ಎಂಬುದು ದೊಡ್ಡ ಮಾತು. ಮಾರ್ಕೆಟ್ಟಿನ ಹಿಂದೆ ಮಾಳಿಗೆಯ ಮೇಲೆ ಒಂದು ಕೋಣೆ, ಸದ್ದು ತಡೆಯಲು ನಾಲ್ಕೂ ಗೋಡೆಗೆ ತೂಗುಬಿಟ್ಟ ಹಳೆಯ ಕೌದಿಗಳು, ಒಂದು ಕಂಪ್ಯೂಟರು, ಎರಡು ಮೈಕು, ನಾನು. ಫ್ಯಾನಿನ ಸದ್ದು ಮೈಕಿಗೆ ಬೀಳುತ್ತದೆಂದು ಫ್ಯಾನು ಹಾಕುವಂತಿಲ್ಲ. ಒಳಗೆ ಕುಳಿತವರು ಹಾಡುವ ಮೊದಲೇ ಅರ್ಧ ಬೆಂದಿರುತ್ತಾರೆ.

ಗೀಗೀ ಪದದ ಕೊನೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಪದ ಕಟ್ಟಿದವರ ಊರು, ಗುರುವಿನ ನೆನಪು ಬರುತ್ತದೆ. ಎಲ್ಲೇ ಹಾಡಲಿ, ಯಾರೇ ಹಾಡಲಿ, ಆ ನುಡಿ ಹೇಳದೆ ದಪ್ಪು ಕೆಳಗಿಡುವಂತಿಲ್ಲ. ಅವ್ವಾರ ಎಲ್ಲ ಪದಗಳ ಕೊನೆಗೂ ಬೆಲ್ಲದ ಬಾಗೇವಾಡಿ ಬರುತ್ತದೆ, ಅವರ ಗುರುವಿನ ಊರು. ಗುರು ತೀರಿಕೊಂಡು ಬಹಳ ವರ್ಷಗಳಾಗಿವೆ. ಕಲಿಸಿದ್ದಕ್ಕೆ ಅವರು ಕೇಳಿದ್ದು ಒಂದೇ: ನನ್ನ ಊರ ಹೆಸರು ಬಿಡಬೇಡ. ನಲವತ್ತು ವರ್ಷ ಅವ್ವಾರು ಬಿಟ್ಟಿರಲಿಲ್ಲ.

ಈಗ ಬಿಟ್ಟಂತೆ ಆಗಿತ್ತು. ಮೇಳದ ಒಬ್ಬರು ನಾನು ಕೊಟ್ಟ ಪೆನ್‌ಡ್ರೈವನ್ನು ಮೂಡಲಗಿಯ ಒಂದು ಮೊಬೈಲ್ ಅಂಗಡಿಗೆ ಒಯ್ದು ಮೆಮರಿ ಕಾರ್ಡಿಗೆ ಹಾಕಿಸಿಕೊಂಡಿದ್ದರು. ಅಂಗಡಿಯವನು ತನಗೂ ಒಂದು ಪ್ರತಿ ಇಟ್ಟುಕೊಂಡು, ಕೊನೆಯ ನುಡಿ ಕತ್ತರಿಸಿ, ಇಪ್ಪತ್ತೆರಡನ್ನೂ ತನ್ನ ವಿಡಿಯೋ ಚಾನೆಲ್ಲಿಗೆ ಏರಿಸಿದ್ದ. ಪದಗಳು ಮನೆಮನೆ ಮುಟ್ಟಿದವು. ಹುಕ್ಕೇರಿ ಕಡೆಯ ಒಂದು ಮದುವೆ ಮನೆಯಲ್ಲಿ ಬೆಲ್ಲದ ಬಾಗೇವಾಡಿಯ ಹಿರಿಯರೊಬ್ಬರು ನಾಲ್ಕು ಜನರ ಮುಂದೆ ಅವ್ವಾರಿಗೆ, “ನಮ್ಮೂರ ಹೆಸರ ನುಂಗಿ ನೀರ ಕುಡದ್ಯಲ್ಲವಾ” ಅಂದರಂತೆ.

“ಅವತ್ತಿಂದ ದಪ್ಪ ಗೂಟಕ್ಕ ಹಾಕೇನಿ” ಎಂದರು ಅವ್ವಾರು. “ಇದು ಸರಿ ಆಗೂತನಾ ನಾ ಬಾಯಿ ತಗಿಯೂದಿಲ್ಲ. ನೀ ಮಿಶನಿನ್ಯಾಗ ತುಂಬಿಕೊಂಡಾಕಿ, ನೀನ ಸರಿಮಾಡು.”

ಇಷ್ಟು ಹೇಳಿ ಚಹಾ ಕೂಡ ಕುಡಿಯದೆ ಇಳಿದು ಹೋದರು.

ಮೊದಲು ನಾನು ಸುಲಭದ ದಾರಿ ಹಿಡಿದೆ. ಮೇಳದ ಹೆಸರಿನಲ್ಲೇ ಒಂದು ಚಾನೆಲ್ ತೆರೆದು, ಕೊನೆಯ ನುಡಿ ಸಮೇತ ಪೂರ್ತಿ ಪದಗಳನ್ನು ಏರಿಸಿದೆ. ಎರಡು ದಿನಕ್ಕೆ ನೋಟಿಸು ಬಂತು: ಈ ಧ್ವನಿ ಬೇರೊಬ್ಬರ ಸ್ವತ್ತು. ಆಕ್ಷೇಪಣೆ ಹಾಕಿದೆ, ತಿರಸ್ಕರಿಸಿದರು. ಮತ್ತೆ ಹಾಕಿದೆ, ಮತ್ತೆ ತಿರಸ್ಕಾರ. ಮೂರನೆಯ ನೋಟಿಸಿಗೆ ಚಾನೆಲ್ಲೇ ಮುಚ್ಚಿತು. ಮೊದಲು ಏರಿಸಿದವನು ಅವನು, ಯಂತ್ರಕ್ಕೆ ಅಷ್ಟೇ ಗೊತ್ತು. ಮನೆಯೊಡತಿಯನ್ನೇ ಕಳ್ಳಿ ಎಂದು ಹೊರಗೆ ಹಾಕಿದಂತಾಯಿತು.

ಬಸ್ಸು ಹತ್ತಿ ಮೂಡಲಗಿಗೆ ಹೋದೆ. ಅಂಗಡಿಯವನು ಮೂವತ್ತೈದರ ಒಳಗಿನವನು, ಮಾತು ಮೆತ್ತಗೆ, ಕೈ ಚುರುಕು. ನನ್ನೊಂದಿಗೆ ಮಾತಾಡುತ್ತಲೇ ಒಬ್ಬರ ಮೊಬೈಲಿಗೆ ಹೊಸ ಗಾಜು ಕೂರಿಸುತ್ತಿದ್ದ.

“ಜನಾ ಕೊನಿತನಾ ಕೇಳೂದಿಲ್ರಿ ಅಕ್ಕಾರ” ಎಂದ. “ಊರ ಹೆಸರ ಬರೂದ ತಡಾ, ಮುಂದಿನ ವಿಡಿಯೋಕ್ಕ ಹೋಗಿಬಿಡ್ತಾರ. ಅದಕ್ಕ ತಗದೇನ್ರಿ. ಪದಕ್ಕ ಏನ ಕೆಟ್ಟದಾತು?”

“ಅದು ನಿಂದಲ್ಲ.”

“ನಿಮ್ಮದಂತ ಪುರಾವೆ ಏನೈತ್ರಿ?” ಸಿಟ್ಟಿಲ್ಲದೆ ಕೇಳಿದ. ಗಾಜಿನ ಕೆಳಗೆ ಗುಳ್ಳೆ ನಿಂತಿತ್ತು, ಉಗುರಿನಿಂದ ಒತ್ತಿ ಅಂಚಿಗೆ ತಳ್ಳುತ್ತಿದ್ದ.

ಆ ಪ್ರಶ್ನೆ ನನ್ನನ್ನು ತಿಂದುಹಾಕಿತು. ಮುಂದಿನ ಎರಡು ತಿಂಗಳು ನಾನು ಆ ಕೋಣೆಯಲ್ಲಿ ಕುಳಿತು ಓದಿದೆ. ಬ್ಲಾಕ್‌ಚೈನ್ ಎಂಬ ಹೆಸರನ್ನು ಅಲ್ಲಿಯವರೆಗೆ ಕೇಳಿದ್ದೆ, ಜೂಜಿನ ಇನ್ನೊಂದು ಹೆಸರೆಂದೇ ತಿಳಿದಿದ್ದೆ. ಓದುತ್ತ ಹೋದಂತೆ ಅದರೊಳಗೆ ನನಗೆ ಬೇಕಾದ ಒಂದು ವಸ್ತು ಸಿಕ್ಕಿತು. ಯಾವುದೇ ಕಡತವನ್ನು ಒಂದು ಗಣಿತದ ಸೂತ್ರಕ್ಕೆ ಕೊಟ್ಟರೆ ಅರವತ್ನಾಲ್ಕು ಅಕ್ಷರ ಅಂಕಿಗಳ ಒಂದು ಸಾಲು ಬರುತ್ತದೆ. ಅದನ್ನು ನಾನು ಬೆರಳಚ್ಚು ಎಂದು ಕರೆದೆ. ಅದೇ ಕಡತಕ್ಕೆ ಯಾವಾಗಲೂ ಅದೇ ಬೆರಳಚ್ಚು. ಒಂದು ಉಸಿರಿನಷ್ಟು ಕತ್ತರಿಸಿದರೂ ಇಡೀ ಸಾಲು ಬೇರೆ. ಈ ಸಾಲನ್ನು ಬ್ಲಾಕ್‌ಚೈನಿನಲ್ಲಿ, ಅಂದರೆ ಸಾವಿರಾರು ಕಂಪ್ಯೂಟರುಗಳು ಒಟ್ಟಿಗೆ ಕಾಯುವ ಒಂದು ದಫ್ತರದಲ್ಲಿ, ದಿನಾಂಕದೊಂದಿಗೆ ಬರೆದುಬಿಟ್ಟರೆ ಯಾರಿಂದಲೂ ಅಳಿಸಲಾಗದು. ಬರೆದವರಿಂದಲೂ ಆಗದು. ಹಾಡಿನ ಕಡತವನ್ನು ವಿಕೇಂದ್ರೀಕೃತ ಸಂಗ್ರಹಕ್ಕೆ ಹಾಕಬೇಕು. ಅಲ್ಲಿ ಬೆರಳಚ್ಚಿನಿಂದ ಹುಟ್ಟಿದ ಸಾಲೇ ಹಾಡಿನ ವಿಳಾಸ. ಆ ವಿಳಾಸ ಕೇಳಿದರೆ ಯಾರ ಬಳಿ ಕಡತ ಇದೆಯೋ ಅವರ ಯಂತ್ರ ಕೊಡುತ್ತದೆ.

ಇದನ್ನು ತಿಳಿದುಕೊಂಡ ದಿನ ನನಗೆ ಆದ ಸಂತೋಷವನ್ನು ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ. ಕೆಳಗಿನ ಬಟ್ಟೆ ಅಂಗಡಿಯವರಿಗೆ ಹೇಳಲು ಹೋದೆ. ಅವರು ಪೂರ್ತಿ ಕೇಳಿ, “ಒಳ್ಳೇದಾತ್ರಿ, ಊಟ ಆತ?” ಎಂದರು. ತಪ್ಪು ಅವರದಲ್ಲ. ಒಂದು ಸಂಗತಿಯನ್ನು ಇಡೀ ತಾಲೂಕಿನಲ್ಲಿ ನೀನೊಬ್ಬಳೇ ತಿಳಿದಿದ್ದೀಯ ಎನಿಸುವುದು ಹೆಮ್ಮೆಯಲ್ಲ, ಅದು ಬಾಯಿ ಕಟ್ಟಿದ ಹಾಗೆ. ನನ್ನೊಂದಿಗೆ ಕ್ಯಾಮೆರಾ ನೋಡಿಕೊಳ್ಳುತ್ತಿದ್ದ ಗೆಳತಿ ಮದುವೆ ಆಲ್ಬಮ್ಮುಗಳ ಕೆಲಸ ಹಿಡಿದು ಬೇರೆ ಊರಿಗೆ ಹೋದ ಮೇಲೆ ಕೋಣೆಯಲ್ಲಿ ಎರಡನೆಯ ಕುರ್ಚಿ ಖಾಲಿಯೇ ಇತ್ತು. ಅದರ ಮೇಲೆ ವೈರುಗಳನ್ನು ಇಡುತ್ತಿದ್ದೆ.

ಕೆಲಸ ಶುರುವಾಯಿತು. ತಿದ್ದಿ ಶುದ್ಧ ಮಾಡಿದ ಪ್ರತಿ ಮೂಡಲಗಿಯವನ ಬಳಿಯೂ ಇತ್ತು. ಹಾಗಾಗಿ ನಾನು ಅವನ ಬಳಿ ಇಲ್ಲದ ಮೂಲ ಧ್ವನಿಯನ್ನೇ ತೆಗೆದುಕೊಂಡೆ. ಅದರಲ್ಲಿ ಪದ ಶುರುವಾಗುವ ಮುಂಚೆ ಅವ್ವಾರು ಕೆಮ್ಮುವುದು, ದಪ್ಪು ಸಡಿಲಾಯಿತೆಂದು ಬೈಯುವುದು, ಅದನ್ನು ಹೊರಗೆ ಒಯ್ದು ಬೆಂಕಿಗೆ ಹಿಡಿದು ಕಾಸಿ ತರುವುದು, ಬೆರಳಿನಿಂದ ತಟ್ಟಿ ಬಿಗಿ ನೋಡುವುದು ಎಲ್ಲ ಇದೆ. ದಪ್ಪಿನ ಚರ್ಮ ಕಾಸದೆ ಅವರು ಒಂದು ನುಡಿಯನ್ನೂ ಹಾಡುವವರಲ್ಲ.

ಮೊದಲ ಹನ್ನೊಂದು ಪದಗಳ ಬೆರಳಚ್ಚು ತೆಗೆದು ಬರೆದಿಟ್ಟುಕೊಂಡೆ. ಮರುದಿನ ತಾಳೆ ನೋಡಿದರೆ ಒಂದೂ ಕೂಡಲಿಲ್ಲ. ಅರ್ಧ ದಿನ ಹುಡುಕಿದ ಮೇಲೆ ತಿಳಿಯಿತು: ಬೆರಳಚ್ಚು ತೆಗೆದಾದ ಮೇಲೆ ಪ್ರತಿ ಕಡತದೊಳಗೆ ಪದದ ಹೆಸರನ್ನು ಚೆಂದವಾಗಿ ಬರೆದು ಉಳಿಸಿದ್ದೆ. ಧ್ವನಿ ಅದೇ, ಕಡತ ಬೇರೆ. ಅಚ್ಚುಕಟ್ಟು ಮಾಡಹೋಗಿ ಕೆಡಿಸಿಕೊಂಡದ್ದು. ಹನ್ನೊಂದನ್ನೂ ಮೂಲದಿಂದ ಮತ್ತೆ ತೆಗೆದೆ, ಈ ಸಲ ಏನನ್ನೂ ಮುಟ್ಟಲಿಲ್ಲ. ಏರಿಸುವಾಗ ಕರೆಂಟು ಹೋಗುವುದು, ಮುಕ್ಕಾಲು ಭಾಗ ಹೋಗಿ ನಿಲ್ಲುವುದು, ಮತ್ತೆ ಮೊದಲಿನಿಂದ ಶುರು ಮಾಡುವುದು ದಿನದ ಪಾಡಾಯಿತು. ಇನ್ನೊಂದು ಕಹಿ ಸಂಗತಿಯೂ ಗೊತ್ತಾಯಿತು. ನಾನು ಇಂದು ಬರೆದರೆ ಇಂದಿನ ದಿನಾಂಕವೇ ಬೀಳುತ್ತದೆ, ಮೂಡಲಗಿಯವನು ಅದಕ್ಕಿಂತ ಮೊದಲೇ ಏರಿಸಿದ್ದ. ದಫ್ತರ ಸುಳ್ಳು ಹೇಳುವುದಿಲ್ಲ, ನಿಜ. ನಾನು ತಡವಾಗಿ ಬಂದೆ ಎಂಬುದನ್ನೂ ಅದು ಮುಚ್ಚಿಡುವುದಿಲ್ಲ. ಆದರೂ ಕೆಮ್ಮು, ಬೈಗುಳ ಸಮೇತ ಪೂರ್ತಿ ಪದ ಯಾರ ಬಳಿ ಇದೆ ಎಂದು ಮುಂದೆ ಯಾರಾದರೂ ಕೇಳಿದರೆ ತೋರಿಸಲು ಆಗುತ್ತದಲ್ಲ ಎಂದು ಮುಂದುವರಿದೆ.

ಕೊನೆಗೆ ಮಾಲೀಕತ್ವದ ನಮೂನೆ ತುಂಬುವ ದಿನ ಬಂತು. ಮೂರು ಖಾನೆ: ಕೃತಿಯ ಹೆಸರು, ಕರ್ತೃ, ಮಾಲೀಕ. ಕರ್ತೃವಿನ ಜಾಗದಲ್ಲಿ ಅವ್ವಾರ ಹೆಸರು ಬರೆದೆ. ಮಾಲೀಕನ ಜಾಗಕ್ಕೆ ಹೆಸರು ನಡೆಯುವುದಿಲ್ಲ, ವ್ಯಾಲೆಟ್ ಎಂಬ ಖಾತೆಯ ಸಂಖ್ಯೆ ಬೇಕು. ಅವ್ವಾರಿಗೆ ಎಲ್ಲಿಯ ವ್ಯಾಲೆಟ್? ಮಾಡಿಕೊಡಲು ಮೇಲವಂಕಿಗೆ ಹೋಗಬೇಕು, ವಿವರಿಸಬೇಕು, ಅದಕ್ಕೆ ಒಂದು ವಾರ. ಸದ್ಯಕ್ಕೆ ನನ್ನದನ್ನೇ ಹಾಕೋಣ, ಆಮೇಲೆ ಅವರಿಗೆ ವರ್ಗ ಮಾಡಿದರಾಯಿತು ಅಂದುಕೊಂಡೆ. ಇಪ್ಪತ್ತೆರಡು ಸಲ ನನ್ನ ಸಂಖ್ಯೆ ಹಾಕಿ ಇಪ್ಪತ್ತೆರಡು ಸಲ ಗುಂಡಿ ಒತ್ತಿದೆ. ಅಷ್ಟು ಓದಿದವಳಿಗೆ, ಬರೆದವರೂ ಅಳಿಸಲಾರರು ಎಂಬ ಮಾತು ನನಗೂ ಅನ್ವಯಿಸುತ್ತದೆ ಎಂದು ಹೊಳೆಯಲಿಲ್ಲ.

ದಾಖಲೆಗಳನ್ನು ಮುದ್ರಿಸಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮೇಲವಂಕಿಗೆ ಹೋದೆ. ಅವ್ವಾರ ಮನೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಬಾಜೂ ಗೂಟಕ್ಕೆ ದಪ್ಪು. ತಿಂಗಳುಗಟ್ಟಲೆ ಬೆಂಕಿ ಕಾಣದ ಚರ್ಮ ಜೋತುಬಿದ್ದಿತ್ತು. ನಾನು ಉತ್ಸಾಹದಿಂದ ಎಲ್ಲ ವಿವರಿಸಿದೆ. “ಇನ್ನ ಯಾರೂ ಇದನ್ನ ಅಳಸಾಕ ಬರೂದಿಲ್ರಿ ಅವ್ವಾರ. ಸರ್ಕಾರಕ್ಕೂ ಬರೂದಿಲ್ಲ” ಎಂದೆ.

ಅವರು ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದಿದರು.

“ಇಲ್ಲಿ ನನ್ನ ಹೆಸರೈತಿ” ಎಂದರು. “ಗುರುವಿನ ಊರೆಲ್ಲಿ?”

“ಪದದಾಗ ಐತಲ್ರಿ, ಕೊನಿ ನುಡಿಯಾಗ.”

“ಹಾಳಿಯಾಗ ಎಲ್ಲಿ ಅಂದೆ.” ಬೆರಳು ಕೆಳಗಿಳಿಯಿತು. “ಮಾಲೀಕ ಅಂತೈತಿ. ಈ ನಂಬರ ಯಾರದು?”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ನಂದ್ರಿ. ಸದ್ಯಕ್ಕಷ್ಟ...”

ಅವರು ಹಾಳೆ ಮಡಚಿದರು. “ಆಂವಾ ಕೊನಿ ನುಡಿ ಅಷ್ಟ ತಗೊಂಡ. ನೀ ಪದಾನ ತಗೊಂಡಿ.”

“ಅವ್ವಾರ, ಹಂಗಲ್ರಿ...”

“ಅಳಸು ಮತ್ತ.”

ಈಗಷ್ಟೇ ಜಂಬದಿಂದ ಹೇಳಿದ ಮಾತನ್ನು ಇನ್ನೊಮ್ಮೆ ಹೇಳಬೇಕಾಯಿತು, ತಲೆ ತಗ್ಗಿಸಿ. ಅಳಿಸಲು ಬರುವುದಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಒಳಗೆ ಹೋಗಿ ಮೊರದಲ್ಲಿ ಜೋಳ ಹಾಕಿಕೊಂಡು ಕೇರಲು ಕುಳಿತರು. ನಾನು ಸ್ವಲ್ಪ ಹೊತ್ತು ಹೊಸ್ತಿಲಲ್ಲಿ ನಿಂತಿದ್ದು ಬಸ್ಸಿಗೆ ಹೋದೆ.

ಆ ವಾರ ನಾನು ಕೋಣೆಯ ಬಾಗಿಲು ತೆರೆಯಲಿಲ್ಲ. ಯಾರಿಗೆ ಹೇಳಲಿ? ಹೇಳಬೇಕೆಂದರೆ ಮೊದಲು ಬ್ಲಾಕ್‌ಚೈನ್ ಎಂದರೇನು ಎಂದು ಹೇಳಬೇಕು, ಅಷ್ಟರಲ್ಲಿ ಕೇಳುವವರಿಗೆ ಆಕಳಿಕೆ. ನನ್ನ ತಪ್ಪಿಗೆ ನಾಲ್ಕು ಜನ ನಕ್ಕಿದ್ದರೂ ಹಗುರಾಗುತ್ತಿತ್ತು. ತಿಳಿಯದ ತಪ್ಪಿಗೆ ಯಾರು ನಗುತ್ತಾರೆ? ಹಸಿವಾದಾಗ ಮಂಡಕ್ಕಿ ತಿಂದೆ. ಒಮ್ಮೆ ಅವ್ವಾರ ಕೆಮ್ಮನ್ನು ಹಾಕಿ ಕೇಳಿದೆ, ಪದ ಶುರುವಾಗುವ ಮೊದಲೇ ನಿಲ್ಲಿಸಿದೆ. ಒಂಟಿತನಕ್ಕೆ ಹೆದರುವವಳಲ್ಲ ಅಂದುಕೊಂಡಿದ್ದೆ. ಆ ವಾರ ಹೆದರಿದೆ.

ವರ್ಗ ಮಾಡುವ ದಾರಿ ಇದ್ದೇ ಇತ್ತು. ಯಾರಿಗೆ ಎಂಬುದೇ ಪ್ರಶ್ನೆ. ಗುರುವಿನ ಪದವಾದರೆ ಗುರುವಿನ ಮನೆಗೆ ಎಂದು, ಹುಕ್ಕೇರಿ ಕಡೆಯ ಬಸ್ಸು ಹಿಡಿದು ಬೆಲ್ಲದ ಬಾಗೇವಾಡಿಗೆ ಹೋದೆ. ಗುರುವಿನ ಮಗಳು ಅಲ್ಲಿಯ ಸಾಲಿಯಲ್ಲಿ ಕಲಿಸಿ ನಿವೃತ್ತರಾದವರು. ಊರೆಲ್ಲ ಬಾಯಾರು ಎಂದೇ ಕರೆಯುತ್ತದೆ. ಒಕ್ಕಲುತನದ ಮನೆ, ಹಣೆಗೆ ವಿಭೂತಿ, ಮಾತಿಗೆ ಮೊದಲು ಬೆಲ್ಲ ನೀರು.

ನನ್ನ ಕಥೆ ಕೇಳಿ ಅವರು ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ನೋಟ್‌ಬುಕ್ ತಂದರು.

“ನಮ್ಮಪ್ಪಾರ ಕೈಬರಹ” ಎಂದರು. “ಎಣಸ್ರಿ. ಹದಿಮೂರ ಪದಾ ಅದಾವ. ಉಳದ ಒಂಬತ್ತ ಆಕಿ ಕಟ್ಟಿದ್ದು. ಆ ಕಳೇವಿನ ಪದಾ ಐತಲ್ರಿ, ಅದು ಪೂರಾ ಆಕೀದ. ನಮ್ಮಪ್ಪಾರು ಕಬ್ಬಿನ್ಯಾಗ ಕಳೇವ ಯಾವಾಗ ತಗದಾರ?”

ಅವ್ವಾರು ಅವತ್ತು ಮೊಬೈಲಿನಲ್ಲಿ ಕೇಳಿಸಿದ ಕಾಲಿಲ್ಲದ ಪದ ಅದೇ. “ಆದ್ರ ಅದರಾಗೂ ನಿಮ್ಮ ಊರ ಹೆಸರ ಐತ್ರಿ” ಎಂದೆ.

“ಇಟ್ಟಾಳ. ಆಕಿ ಅಷ್ಟ ಇಡಾಕಿ.” ಅಂಗಳ ತೋರಿಸಿದರು. “ಆಕಿ ತಾಯಿ ತವರಮನಿ ಇದ ಊರು. ಕೆಲಸಕ್ಕ ಬಂದಾಗ ಕಲಿಯಾಕ ಬರತಿದ್ಲು. ಅಪ್ಪಾರು ಕಟ್ಟಿ ಮ್ಯಾಲ, ಆಕಿ ಅಲ್ಲಿ ಬಿಸಲಾಗ ನಿಂತು. ಆಗಿನ ಕಾಲ ಹಂಗಿತ್ರಿ, ಆಕಿ ಜಾತಿಯವ್ರನ್ನ ಕಟ್ಟಿಗೆ ಹತ್ತಗೊಡತಿರಲಿಲ್ಲ. ಒಂದಿನ ಅಪ್ಪಾರಿಗೆ ಏನನಿಸ್ತೋ, ಕಟ್ಟಿ ಇಳದ ಅಂಗಳದಾಗ ಹೋಗಿ ಕುಂತ್ರು. ಮುಂದ ಸಾಯೂತನಾ ಅಲ್ಲೇ ಕುಂತ ಕಲಿಸಿದ್ರು. ಊರ ಮಂದಿ ಮಾತಾಡಿದ್ರು. ಈಗ ಹೆಸರ ನುಂಗಿದಿ ಅಂದಾವ್ರೂ ಅದರಾಗ ಇದ್ರು.”

ನಾನು ವರ್ಗದ ಮಾತು ತೆಗೆದೆ. ಬಾಯಾರು ಕೈ ಅಡ್ಡ ಹಿಡಿದರು. “ನಮಗ್ಯಾಕ್ರಿ? ಅದು ಆಕೀದು.”

ಅಲ್ಲಿಂದ ಮತ್ತೆ ಮೇಲವಂಕಿ. ಅವ್ವಾರು ಈ ಸಲ ಒಳಗೆ ಕರೆದರು, ಕೇಳಿದರು, ಒಂದೇ ಮಾತು: “ನಂದಲ್ಲ. ಗುರುವಿಂದು.” ನಾನು ನಿಂತಲ್ಲೇ ನಕ್ಕುಬಿಟ್ಟೆ. ಎಷ್ಟೋ ದಿನಗಳ ಮೇಲೆ ನಕ್ಕಿದ್ದೆ. ಇಡೀ ಪ್ರಪಂಚದಲ್ಲಿ ಈ ಪದಗಳು ತಮ್ಮವೆಂದು ಹೇಳುವವರು ಇಬ್ಬರೇ: ಮೂಡಲಗಿಯ ಅಂಗಡಿಯವನು ಮತ್ತು, ಅಳಿಸಲಾಗದ ಅಕ್ಷರದಲ್ಲಿ, ನಾನು.

ನಿರ್ಧಾರ ಮರಳುವ ಬಸ್ಸಿನಲ್ಲಿ ಆಯಿತು. ಒಬ್ಬರ ಹೆಸರಿನ ನಮೂನೆಗೆ ಈ ಪದಗಳನ್ನು ಬಗ್ಗಿಸುವ ಬದಲು ನಮೂನೆಯನ್ನೇ ಬಗ್ಗಿಸಬೇಕು. ಜಂಟಿ ವ್ಯಾಲೆಟ್ ಎಂಬುದಿದೆ. ಎರಡು ಕೀಲಿ, ಎರಡೂ ಕೂಡಿದರೆ ಮಾತ್ರ ತೆರೆಯುತ್ತದೆ. ಒಂದು ಅವ್ವಾರಿಗೆ, ಒಂದು ಬಾಯಾರಿಗೆ. ಸಾಮಾನ್ಯವಾಗಿ ಮೂರನೆಯವರೊಬ್ಬರನ್ನು ಸೇರಿಸುತ್ತಾರೆ, ಒಂದು ಕೀಲಿ ಕಳೆದರೆ ಉಳಿದೆರಡು ಸಾಕಾಗಲೆಂದು. ಆ ಮೂರನೆಯವಳು ನಾನಾಗಲೇ ಎಂದು ಕೇಳಿದೆ. ಬಾಯಾರನ್ನು ಮೇಲವಂಕಿಗೆ ಕರೆತಂದಿದ್ದೆ, ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತಿದ್ದರು.

“ನೀ ಬ್ಯಾಡ” ಎಂದರು ಅವ್ವಾರು.

ನೋವಾಯಿತು. ಆದರೂ ವಾದಿಸಿದೆ: “ಒಂದ ಕೀಲಿ ಕಳದ್ರ ಎಂದೆಂದಿಗೂ ತಗಿಯಾಕ ಬರೂದಿಲ್ರಿ. ಯಾರಿಗೂ ಕೊಡಾಕ, ಮಾರಾಕ ಆಗೂದಿಲ್ಲ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಬಾಯಾರು ಕೇಳಿದರು, “ಕೇಳಾಕ ಬರತೈತಿಲ್ಲೋ?”

“ಕೇಳಾಕ ಬರತೈತ್ರಿ.”

“ಮತ್ತ? ಮಾರೂದ ಇಲ್ಲ ಅಂದ ಮ್ಯಾಲ ಕೀಲಿ ಕಳದ್ರ ಏನಾತು?”

ಎರಡು ತಿಂಗಳು ನಾನು ಓದಿದ್ದರಲ್ಲಿ ಯಾರೂ ಹೀಗೆ ಯೋಚಿಸಿರಲಿಲ್ಲ.

ಕೀಲಿ ಎಂದರೆ ಹನ್ನೆರಡು ಇಂಗ್ಲಿಷ್ ಶಬ್ದಗಳು. ಅದೇ ಕ್ರಮದಲ್ಲಿ ನೆನಪಿಡಬೇಕು. ಬಾಯಾರು ನನಗೆ ಗೋಡೆಯ ಕಡೆ ಮುಖ ಮಾಡಲು ಹೇಳಿ ತಾವೇ ಬರೆದುಕೊಂಡರು, ಆ ಚೀಟಿ ಅಪ್ಪನ ನೋಟ್‌ಬುಕ್ಕಿನ ಬಟ್ಟೆಗೆ ಹೋಯಿತು. ಅವ್ವಾರಿಗೆ ಇಂಗ್ಲಿಷ್ ಬಾರದು. ನಾನು ಒಂದೊಂದೇ ಓದಬೇಕು, ಅವರು ಹೇಳಬೇಕು. ಚೀಟಿ ಬೇಡವೇ ಬೇಡ ಎಂದರು. ನಾಲ್ಕು ಶಬ್ದ ಆಗುವಷ್ಟರಲ್ಲಿ ಮೊದಲನೆಯದು ಮರೆಯುತ್ತಿತ್ತು. ಏಳೆಂಟು ಸಲ ಹೀಗಾದ ಮೇಲೆ ಸಿಟ್ಟಿಗೆದ್ದು ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳು ತಟ್ಟಿ, ಮೂರು ಮೂರು ಶಬ್ದಗಳನ್ನು ಒಂದು ಧಾಟಿಗೆ ಕೂರಿಸಿದರು. ಛತ್ರಿ, ಕುದುರೆ, ಸೋಮವಾರ ಎಂಬಂಥ ಅರ್ಥದ, ಒಂದಕ್ಕೊಂದು ಸಂಬಂಧವಿಲ್ಲದ ಇಂಗ್ಲಿಷ್ ಶಬ್ದಗಳ ಸರಣಿ ಗೀಗೀ ಪದವಾಗಿ ಹರಿಯಿತು. ಒಂದು ಸುತ್ತು, ಎರಡು ಸುತ್ತು. ಮೂರನೆಯದರಲ್ಲಿ ಬಾಯಾರು ಮೆಲ್ಲಗೆ ‘ಗೀಯ’ ಎಂದು ಹಿಮ್ಮೇಳ ಎಳೆದರು. ಅವ್ವಾರು ಕಣ್ಣು ಬಿಟ್ಟು ಥಟ್ಟನೆ ನಿಲ್ಲಿಸಿದರು.

“ಇದು ಪದಾ ಅಲ್ಲ” ಎಂದರು, ತಪ್ಪು ಮಾಡುವಾಗ ಸಿಕ್ಕಿಬಿದ್ದವರಂತೆ. “ಬಾಯಿ ತಗದಂಗ ಆಗೂದಿಲ್ಲ.”

“ಇಲ್ರಿ” ಎಂದೆವು ಇಬ್ಬರೂ.

“ನೀ ಇದನ್ನ ಮರತಬಿಡು” ಎಂದರು ನನಗೆ. ಮರೆತಿಲ್ಲ. ಧಾಟಿ ಇರುವುದನ್ನು ಹೇಗೆ ಮರೆಯುವುದು? ಯಾರಿಗೂ ಹೇಳಿಲ್ಲ, ಅಷ್ಟೇ.

ವರ್ಗಕ್ಕೆ ಹೊಸ ನಮೂನೆ ತುಂಬಬೇಕಿತ್ತು. ಅದರ ಕರ್ತೃವಿನ ಖಾನೆಗೆ ಇಬ್ಬರೂ ಒಬ್ಬರ ಹೆಸರು ಒಬ್ಬರು ಹೇಳುತ್ತ ಅರ್ಧ ಗಂಟೆ ಜಗಳಾಡಿದರು. ಕೊನೆಗೆ ನಾನು ಹೆಸರಿನ ಬದಲು ಕೊನೆಯ ನುಡಿಯನ್ನೇ ಬರೆದೆ:

ಬೆಲ್ಲದ ಬಾಗೇವಾಡಿ ಊರಾಗ ಗುರುವಿನ ಅಂಗಳ
ಕಲಿತದ್ದ ಹಾಡೇನಿ, ತಪ್ಪಿದ್ರ ನಂದು, ಒಪ್ಪಿದ್ರ ಅವರದು

ಅಲ್ಲಿ ಹೆಸರಷ್ಟೇ ಇರಬೇಕೆಂದು ನಮೂನೆ ಏನೂ ಹೇಳಿರಲಿಲ್ಲ, ತೆಗೆದುಕೊಂಡಿತು. ‘ಅಂಗಳ’ ಎಂಬ ಶಬ್ದದ ಅರ್ಥ ನನಗೆ ಆಗಷ್ಟೇ ತಿಳಿದದ್ದು. ಅದುವರೆಗೆ ಪ್ರಾಸಕ್ಕೆ ಇಟ್ಟಿದ್ದಾರೆ ಅಂದುಕೊಂಡಿದ್ದೆ.

ಇಪ್ಪತ್ತೆರಡನ್ನೂ ಅವರ ಜಂಟಿ ಖಾತೆಗೆ ವರ್ಗ ಮಾಡಿದೆ. ಆದರೂ ಮೊದಲ ಮಾಲೀಕಳು ನಾನು ಎಂಬ ಸಾಲು ಅಲ್ಲಿ ಹಾಗೇ ಉಳಿಯಿತು, ನಾನು ಸತ್ತ ಮೇಲೂ ಇರುತ್ತದೆ. ಹಾಗಾಗಿ ಒಂದು ಪತ್ರ ಬರೆದೆ. ಈ ಪದಗಳು ನನ್ನವಲ್ಲ, ಅವಸರದಲ್ಲಿ ನನ್ನ ಸಂಖ್ಯೆ ಹಾಕಿದ್ದು ನನ್ನ ತಪ್ಪು, ಹಾಡಿದವರು ಕೇಳುವವರೆಗೆ ಅದು ನನಗೆ ತಪ್ಪೆಂದು ಅನಿಸಿರಲೂ ಇಲ್ಲ. ಅದರ ಬೆರಳಚ್ಚು ತೆಗೆದು ಅದನ್ನೂ ಅದೇ ದಫ್ತರಕ್ಕೆ ಏರಿಸಿದೆ.

ಆ ಪತ್ರವನ್ನೂ ವಿಳಾಸಗಳ ಹಾಳೆಯನ್ನೂ ಹಿಡಿದು ಎರಡನೆಯ ಸಲ ಮೂಡಲಗಿಗೆ ಹೋದೆ. ಪುರಾವೆ ತೋರಿಸಿ ಅವನನ್ನು ಬಗ್ಗಿಸಬೇಕೆಂದು ಹೊರಟವಳು, ಅಂಗಡಿ ಮುಟ್ಟಿದಾಗ ಮೊದಲು ಕೈಗೆ ಬಂದದ್ದು ಪತ್ರ. ಅವನು ಎರಡು ಸಲ ಓದಿದ.

“ಇದನ್ನೂ ಅಳಸಾಕ ಬರೂದಿಲ್ಲೇನ್ರಿ?”

“ಇಲ್ಲ.”

“ಮತ್ತ ಯಾಕ ಬರದ್ರಿ ಅಕ್ಕಾರ?”

“ಮಾಡಿದ್ನಲ್ಲ, ಅದಕ್ಕ.”

ಅವನು ಗಿರಾಕಿಯ ಮೊಬೈಲನ್ನು ಪಕ್ಕಕ್ಕಿಟ್ಟ. ನಾನು ನನ್ನ ಹೆಡ್‌ಫೋನನ್ನು ಅವನಿಗೆ ಕೊಟ್ಟು ಕಳೇವಿನ ಪದದ ಕೊನೆಯ ಭಾಗ ಹಚ್ಚಿದೆ. ಅಂಗಳದ ಸಾಲು ಬಂದದ್ದು ಅವನ ಮುಖದಲ್ಲಿ ಗೊತ್ತಾಗಲಿಲ್ಲ. ಮುಗಿದ ಮೇಲೆ, “ಇಷ್ಟ ಇತ್ತೇನ್ರಿ?” ಎಂದ. ಒಂದು ನಿಮಿಷ ನಲವತ್ತು ಸೆಕೆಂಡು. ಊರ ಹೆಸರು ಶುರುವಾಯಿತೆಂದು ಆರು ನಿಮಿಷಕ್ಕೇ ಕತ್ತರಿಸಿದ್ದ, ಮುಂದಿನದನ್ನು ಒಮ್ಮೆಯೂ ಕೇಳಿರಲಿಲ್ಲ. ನಾನು ಹಾಳೆ ಬಿಟ್ಟು ಬಂದೆ. ಹತ್ತು ಹನ್ನೆರಡು ದಿನಕ್ಕೆ ನೋಟಿಸುಗಳು ಒಂದೊಂದಾಗಿ ಹಿಂದೆ ಸರಿದವು, ಮೇಳದ ಚಾನೆಲ್ ತೆರೆಯಿತು. ಕ್ಷಮೆ ಗಿಮೆ ಏನೂ ಬರಲಿಲ್ಲ. ಕಾಲಿಲ್ಲದ ಪದಗಳು ಇಂದಿಗೂ ಎಷ್ಟೋ ಮೆಮರಿ ಕಾರ್ಡುಗಳಲ್ಲಿವೆ, ಅದಕ್ಕೆ ಮದ್ದಿಲ್ಲ.

ಅವ್ವಾರಿಗೆ ಫೋನು ಮಾಡಿದೆ. ಅವರು ಕೇಳಿದ್ದು ಬೇರೆ. “ಪೂರಾ ಪದಾ ಎಷ್ಟ ಕಡೆ ಅದಾವ? ಭಾಳ ಮಿಶನಿನ್ಯಾಗ ಇರತಾವ ಅಂದಿದ್ದಿ.”

ನಿಜ ಹೇಳಬೇಕಾಯಿತು. ಬೆರಳಚ್ಚು ಸಾವಿರಾರು ಯಂತ್ರಗಳಲ್ಲಿದೆ. ಹಾಡು ಹಾಗಲ್ಲ, ಅದನ್ನು ಯಾರಾದರೂ ಬೇಕೆಂದು ಇಟ್ಟುಕೊಂಡರೆ ಮಾತ್ರ ಇರುತ್ತದೆ. ಪ್ರತಿ ದಿನ ಬೆಳಿಗ್ಗೆ ನಾನು ಪರದೆಯ ಮೇಲೆ ನೋಡುತ್ತಿದ್ದೆ, ಇಟ್ಟುಕೊಂಡವರ ಸಂಖ್ಯೆ: ಒಂದು. ಅದು ನಾನೇ, ಕೌದಿಗಳ ನಡುವಿನ ನನ್ನ ಹಳೆಯ ಕಂಪ್ಯೂಟರು. ಇಡೀ ಜಗತ್ತಿಗೆ ಹರಡಿದ ಸಂಗ್ರಹದಲ್ಲಿ ನಾನೊಬ್ಬಳೇ ಕುಳಿತಿದ್ದೆ.

“ಒಂದ ಕಡೆ ರೀ. ನನ್ನ ಹತ್ರ.”

“ನೀ ಬಂದ್ ಮಾಡಿದ್ರ?”

“ಮಾಡೂದಿಲ್ರಿ.”

“ಹೂಂ” ಎಂದು ಫೋನಿಟ್ಟರು. ದಪ್ಪು ಗೂಟದಲ್ಲೇ ಉಳಿಯಿತು.

ನಾಲ್ಕು ತಿಂಗಳು ಹೀಗೇ ಹೋಯಿತು. ದಿನಾ ಬೆಳಿಗ್ಗೆ ಒಂದು. ಊರಿಗೆ ಹೋದರೂ ಯಂತ್ರ ಹಚ್ಚಿಟ್ಟೇ ಹೋಗುತ್ತಿದ್ದೆ. ಕರೆಂಟು ಹೋದರೆ ಸೊನ್ನೆಯಾಗುತ್ತದಲ್ಲ ಎಂಬ ಭಯಕ್ಕೆ ಊರಿಗೆ ಹೋಗುವುದನ್ನೇ ಬಿಟ್ಟೆ. ಒಂದು ಮಂಗಳವಾರ ಮಧ್ಯಾಹ್ನ, ಒಬ್ಬರ ಸಾಲಿ ಸಮಾರಂಭದ ಧ್ವನಿ ತಿದ್ದುತ್ತಿದ್ದಾಗ, ಫೋನು ಬಂತು. ಮೂಡಲಗಿಯವನು.

“ಅಕ್ಕಾರ, ನಿಮ್ಮ ಹಾಳ್ಯಾಗಿನ ನಂಬರ ಹಾಕಿ ಎಲ್ಲಾ ಇಳಿಸಿಕೊಂಡೆ ರೀ. ಇಪ್ಪತ್ತೆರಡೂ ಬಂದಾವ. ಬೆರಳಚ್ಚ ತಾಳಿ ನೋಡೇನಿ, ಕೂಡತಾವ. ಒಂದ ಕೇಳೂದಿತ್ರಿ. ಇಳಿಸಿಕೊಂಡ ಮ್ಯಾಲ ಮಿಶನ್ ಬಂದ್ ಮಾಡಬಹುದೇನ್ರಿ?”

“ಬ್ಯಾಡ” ಎಂದೆ. “ಬಂದ್ ಮಾಡಬ್ಯಾಡ.”

“ಆತ್ರಿ. ಇನ್ವರ್ಟರ್ ಐತಿ, ಇರಲಿ” ಎಂದು ಇಟ್ಟ.

ಪರದೆ ನೋಡಿದೆ. ಎರಡು. ತಿದ್ದುತ್ತಿದ್ದ ಕೆಲಸ ಬಿಟ್ಟು ಮೇಲವಂಕಿಗೆ ಫೋನು ಹಚ್ಚಿದೆ.

“ಅವ್ವಾರ, ಎರಡ ಕಡೆ ಆತ್ರಿ. ಮೂಡಲಗ್ಯಾವನೂ ಇಟ್ಟುಕೊಂಡಾನ.”

ಆ ಕಡೆ ಕೋಳಿಯೊಂದು ಕೂಗಿದ್ದು ಕೇಳಿತು.

“ಕೊನಿ ನುಡಿ ಸುದ್ದಾ?”

“ಕೊನಿ ನುಡಿ ಸುದ್ದಾ ರೀ. ನೀವು ಕೆಮ್ಮಿದ್ದೂ ಐತಿ.”

ಪಾತ್ರೆ ಸರಿಸಿದ ಸದ್ದು, ಒಲೆಯಲ್ಲಿ ಕಡ್ಡಿ ಮುರಿದ ಸದ್ದು.

“ಅವ್ವಾರ?” ಎಂದೆ. “ಅದೀರೇನ್ರಿ?”

“ಫೋನ್ ಇಡ ತಂಗಿ” ಎಂದರು. “ದಪ್ಪ ಕಾಸಬೇಕು.”